ಕಾಸರಗೋಡಿನ ವಿದ್ಯಾನಗರ, ಮಧೂರು, ಚೆರ್ಕಳ ಆಸುಪಾಸಿನಲ್ಲಿ ಮನೆ, ಜಾಗ ಕೊಳ್ಳುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲೆಕ್ಟರೇಟ್ ವಿದ್ಯಾನಗರದಲ್ಲಿದೆ, ಸರಕಾರಿ ಕಾಲೇಜೂ ಅಲ್ಲೇ. ಗಲ್ಫಿನ ದುಡ್ಡು ಸುತ್ತಮುತ್ತ ಇಳಿದಿದೆ. ಪೇಟೆಯ ಗಲಾಟೆ ಬೇಡ, ಪೇಟೆ ಹತ್ತಿರ ಬೇಕು ಅನ್ನುವವರೆಲ್ಲ ನಾಯನ್ಮಾರ್‌ಮೂಲೆ, ಉಳಿಯತ್ತಡ್ಕ, ಮಧೂರು, ಚೆರ್ಕಳದ ಕಡೆಗೇ ಬರುತ್ತಾರೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಶುರುವಿಗೆ

ಎಲ್ಲರೂ ಸೆಂಟಿನಲ್ಲಿ ಮಾತಾಡ್ತಾರೆ, ಕಾಗದದಲ್ಲಿ ನೋಡಿದರೆ ಆರ್ ಅಂತ ಉಂಟು. ಲೆಕ್ಕ ಹೇಗೆ?

ಒಂದು ಸೆಂಟ್ ಎಂದರೆ 435.6 ಚದರಡಿ, ಅಂದರೆ 40.47 ಚದರ ಮೀಟರ್. ಒಂದು ಆರ್ ಎಂದರೆ 100 ಚದರ ಮೀಟರ್, ಸುಮಾರು 2.47 ಸೆಂಟ್. ಹತ್ತು ಸೆಂಟ್ ಜಾಗ ದಾಖಲೆಯಲ್ಲಿ 4.05 ಆರ್ ಆಗಿ ಕಾಣುತ್ತದೆ. ಮಾರುವವರು ಹತ್ತು ಸೆಂಟ್ ಅಂದು, ತೀರ್ವೆ (ಭೂಕಂದಾಯ) ರಸೀದಿಯಲ್ಲಿ 3.80 ಆರ್ ಇದ್ದರೆ ಅರ್ಧ ಸೆಂಟಿಗೂ ಮಿಕ್ಕಿ ಜಾಗ ಕೊರತೆ ಇದೆ ಎಂದಾಯಿತು. ಮಾತು ಸೆಂಟಿನಲ್ಲಿರಲಿ, ಎಗ್ರಿಮೆಂಟಿನಲ್ಲಿ ಆರ್ ಬರೆಸಿ, "ಅಳತೆಗೆ ಸಿಕ್ಕಿದಷ್ಟಕ್ಕೆ ಸೆಂಟಿಗೆ ಇಷ್ಟು" ಎಂಬ ಒಂದು ಸಾಲು ಸೇರಿಸಿ.

ನಾವು ಮಂಗಳೂರಿನವರು, ಕೃಷಿಕರೂ ಅಲ್ಲ. ಕೇರಳದಲ್ಲಿ ಜಾಗ ತೆಗೆದುಕೊಳ್ಳಲಿಕ್ಕೆ ಆಗ್ತದಾ?

ಆಗುತ್ತದೆ. ಕೃಷಿಕ ಕುಟುಂಬದವರೇ ಆಗಿರಬೇಕು ಎಂಬ ಷರತ್ತು ಕೇರಳದಲ್ಲಿಲ್ಲ, ಬೇರೆ ರಾಜ್ಯದವರಿಗೆ ತಡೆಯೂ ಇಲ್ಲ. ಭೂಸುಧಾರಣಾ ಕಾಯ್ದೆಯ ಮಿತಿಯೊಂದಿದೆ, ಆದರೆ ಹತ್ತು ಹದಿನೈದು ಸೆಂಟ್ ಕೊಳ್ಳುವವರು ಅದನ್ನು ಮುಟ್ಟುವುದಿಲ್ಲ. ಆಧಾರ್ ಮತ್ತು ಪಾನ್ ಇಟ್ಟುಕೊಳ್ಳಿ. ಕರ್ನಾಟಕದ ವಿಳಾಸ ಆದರೂ ನಡೆಯುತ್ತದೆ.

ಒಂದೇ ರಸ್ತೆಯಲ್ಲಿ ಒಬ್ಬರು ಸೆಂಟಿಗೆ ಒಂದು ರೇಟ್, ಪಕ್ಕದವರು ಅದರ ಅರ್ಧ ಹೇಳ್ತಾರೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಇಲ್ಲಿ ರೇಟನ್ನು ನಿರ್ಧರಿಸುವುದು ಮುಖ್ಯವಾಗಿ ದಾರಿ, ಬೇಸಗೆಯ ನೀರು ಮತ್ತು ಕಾಗದದಲ್ಲಿ ಬರೆದಿರುವ ಭೂಮಿಯ ತರ. ರಸ್ತೆಗೆ ತಾಗಿದ ತೋಟದ ಜಾಗಕ್ಕೂ ಅದರ ಹಿಂದಿರುವ, ಕಾಗದದಲ್ಲಿ ಇನ್ನೂ ಗದ್ದೆಯಾಗಿಯೇ ಉಳಿದ ಜಾಗಕ್ಕೂ ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ತೆಂಗು ನಿಂತಿರುತ್ತದೆ. ಅರ್ಧ ರೇಟಿನ ಕಾರಣ ಹೆಚ್ಚಾಗಿ ವಿಲ್ಲೇಜ್ ಆಫೀಸಿನಲ್ಲಿ ಸಿಗುತ್ತದೆ.

ಊರಿನವರು ಹೇಳುವ ರೇಟು ಕೇಳಿದ ರೇಟು ಮಾತ್ರ, ಮಾರಿಹೋದ ರೇಟಲ್ಲ. ಗಲ್ಫಿನವರು ರಜೆಗೆ ಬರುವ ಜುಲೈ, ಆಗಸ್ಟಿನಲ್ಲಿ ಕೊಳ್ಳುವವರೂ ಮಾರುವವರೂ ಊರಿನಲ್ಲಿರುತ್ತಾರೆ, ಆಗ ಬೇಡಿಕೆ ಏರುತ್ತದೆ. ರಜೆ ಮುಗಿದು ಹೊರಡುವ ವಾರದಲ್ಲಿ ಮಾರಲೇಬೇಕಾದವರು ಸ್ವಲ್ಪ ಇಳಿಯುತ್ತಾರೆ.

ನಾಲ್ಕು ಸಾವಿರ ಚದರಡಿಯ ಗಲ್ಫ್ ಮನೆ, ಕಟ್ಟಿದ ಖರ್ಚಿಗಿಂತ ಕಡಿಮೆಗೆ ಸಿಗ್ತದಂತೆ. ಲಾಭ ಅಲ್ವಾ?

ಇರುವುದಕ್ಕೆ ತೆಗೆದುಕೊಂಡರೆ ಲಾಭವಾಗಬಹುದು, ಮತ್ತೆ ಮಾರುವ ಆಸೆ ಇದ್ದರೆ ಕಷ್ಟ. ದೊಡ್ಡ ಮನೆಗೆ ಈ ಭಾಗದಲ್ಲಿ ಕೊಳ್ಳುವವರು ಕಡಿಮೆ. ಉಳ್ಳವರು ತಮ್ಮದೇ ನಕ್ಷೆಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಜಾಗಕ್ಕೆ ಪೂರ್ತಿ ರೇಟು ಸಿಗುತ್ತದೆ, ಕಟ್ಟಡಕ್ಕೆ ಕಟ್ಟಿದ ಬೆಲೆ ಸಿಗುವುದಿಲ್ಲ.

ಮುಚ್ಚಿಟ್ಟ ಮನೆಯನ್ನು ಜೂನ್, ಜುಲೈಯಲ್ಲಿ ನೋಡಿ. ಮಳೆಗಾಲದ ತಾರಸಿ ಸೋರಿಕೆ, ಗೋಡೆಯ ಬುಡದ ತೇವ, ಗೆದ್ದಲು ತಿಂದ ಬಾಗಿಲ ದಾರಂದ ಆಗ ತಾನಾಗಿ ತೋರುತ್ತವೆ. ಬೇಸಗೆಯಲ್ಲಿ ಬಣ್ಣ ಬಳಿದಿಟ್ಟ ಮನೆ ಏನನ್ನೂ ಹೇಳುವುದಿಲ್ಲ.

ತೆರಿಗೆಯ ವಿಷಯವೂ ಇದೆ. ಕೇರಳದಲ್ಲಿ ಪಂಚಾಯತ್ ಅಥವಾ ನಗರಸಭೆಯ ಕಟ್ಟಡ ತೆರಿಗೆ ಬೇರೆ, ತಾಲೂಕು ಆಫೀಸಿಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ ಬೇರೆ. 278.7 ಚದರ ಮೀಟರಿಗಿಂತ, ಅಂದರೆ 3000 ಚದರಡಿಗಿಂತ ದೊಡ್ಡದಾದ, 1999ರ ಏಪ್ರಿಲ್ ನಂತರ ಕಟ್ಟಿದ ಮನೆಗೆ ಪ್ರತಿ ವರ್ಷ ಐಷಾರಾಮಿ ತೆರಿಗೆಯೂ ಉಂಟು. ಹಳೆ ಬಾಕಿ ಇದ್ದರೆ ರೆವೆನ್ಯೂ ರಿಕವರಿ ಮನೆ ಬಾಗಿಲಿಗೇ ಬರುತ್ತದೆ. ರಸೀದಿಗಳನ್ನು ಕೇಳಿ ಪಡೆಯಿರಿ.

ಮನೆ ನಂಬರಿನ ಜೊತೆ "ಯು.ಎ." ಅಂತ ಇದೆಯಾ ನೋಡಿ. ಅನುಮತಿ ಮೀರಿ ಕಟ್ಟಿದ ಕಟ್ಟಡಕ್ಕೆ ಕೊಡುವ ನಂಬರ್ ಅದು. ತೆರಿಗೆ ಮೂರು ಪಟ್ಟು, ಸಾಲ ಸಿಗುವುದು ಕಷ್ಟ.

ರೇಟಿನ ಮೇಲೆ ಇನ್ನೆಷ್ಟು ಖರ್ಚು ಬರ್ತದೆ?

ಸ್ಟಾಂಪ್ ಡ್ಯೂಟಿ ಶೇಕಡಾ 8, ರಿಜಿಸ್ಟ್ರೇಷನ್ ಫೀ ಶೇಕಡಾ 2. ಕರ್ನಾಟಕದ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದವರು ಇಲ್ಲಿ ಬೆಚ್ಚುತ್ತಾರೆ. ಸರಕಾರ ಜಾಗಕ್ಕೆ ಗೊತ್ತುಮಾಡಿದ ನ್ಯಾಯಬೆಲೆ (ಫೇರ್ ವ್ಯಾಲ್ಯೂ) ಮತ್ತು ನೀವು ಕೊಡುವ ಬೆಲೆಯಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದು ಬೀಳುತ್ತದೆ.

60 ಲಕ್ಷದ ಮನೆಯ ಲೆಕ್ಕ ನೋಡಿ: ಡ್ಯೂಟಿ 4.8 ಲಕ್ಷ, ಫೀ 1.2 ಲಕ್ಷ, ಸೇರಿ 6 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದ ನಡುವಿನ ಸಾಲದಲ್ಲಿ ಬೆಲೆಯ ಶೇಕಡಾ 80ರ ತನಕ ಮಾತ್ರ ಸಿಗುತ್ತದೆ, ಡ್ಯೂಟಿಯನ್ನು ಬೆಲೆಗೆ ಸೇರಿಸಿಕೊಳ್ಳುವುದಿಲ್ಲ. ಸಾಲ 48 ಲಕ್ಷ ಬಂದರೆ, ಕೈಯಿಂದ 12 ಲಕ್ಷ, ಮೇಲೆ 6 ಲಕ್ಷ, ಜೊತೆಗೆ ವಕೀಲರು, ಆಧಾರ (ಇಲ್ಲಿ ಕ್ರಯಪತ್ರಕ್ಕೆ ಹೇಳುವ ಹೆಸರು) ಬರೆಯುವವರು, ಬ್ರೋಕರ್. 18 ಲಕ್ಷಕ್ಕಿಂತ ಕಡಿಮೆ ಇಟ್ಟುಕೊಂಡು ಅಡ್ವಾನ್ಸ್ ಕೊಡಬೇಡಿ.

ನ್ಯಾಯಬೆಲೆ ಜಾಗದ ವರ್ಗೀಕರಣದ ಮೇಲೆ ನಿಂತಿದೆ. ರಸ್ತೆಯೇ ಇಲ್ಲದ ಜಾಗಕ್ಕೆ ಪಿಡಬ್ಲ್ಯುಡಿ ರಸ್ತೆಯ ರೇಟು ತಪ್ಪಾಗಿ ಹಾಕಿರುವುದುಂಟು. ರಿಜಿಸ್ಟ್ರೇಷನ್ ಇಲಾಖೆಯ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಮೊದಲೇ ನೋಡಿದರೆ ಸರಿಪಡಿಸಲು ಅರ್ಜಿ ಹಾಕುವ ಸಮಯ ಇರುತ್ತದೆ.

## ಕಾಗದಪತ್ರ

ಇಲ್ಲಿ ಪಹಣಿ ಎಲ್ಲಿ ಸಿಗ್ತದೆ?

ಸಿಗುವುದಿಲ್ಲ. ಆರ್‌ಟಿಸಿ ಎಂಬ ಒಂದೇ ಹಾಳೆಯಲ್ಲಿ ಎಲ್ಲ ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಕಾದವು ಇವು: ಈಗಿನ ಆಧಾರ (ಮಾರುವವರ ಹೆಸರಿನ ಪತ್ರ) ಮತ್ತು ಅದರ ಹಿಂದಿನ ಮುನ್ನಾಧಾರಗಳು, ಈ ವರ್ಷದ ತೀರ್ವೆ ರಸೀದಿ, ಅದರಲ್ಲಿ ತಂಡಪ್ಪೇರ್ ನಂಬರ್ (ವಿಲ್ಲೇಜ್ ಆಫೀಸಿನ ಖಾತೆ ನಂಬರ್), ವಿಲ್ಲೇಜ್ ಆಫೀಸಿನ ಕೈವಶ ಸರ್ಟಿಫಿಕೇಟ್ ಮತ್ತು ಲೊಕೇಶನ್ ಸ್ಕೆಚ್, ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನ ಪ್ರತಿ, ಮೂವತ್ತು ವರ್ಷದ ಇಸಿ (ಋಣಭಾರ ಸರ್ಟಿಫಿಕೇಟ್). ಮನೆ ಇದ್ದರೆ ಪರ್ಮಿಟ್, ಪ್ಲಾನ್, ಒಕ್ಯುಪೆನ್ಸಿ ಸರ್ಟಿಫಿಕೇಟ್. ತೀರ್ವೆ ಕಟ್ಟಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕೇರಳದ ಡಿಜಿಟಲ್ ರೀಸರ್ವೆ ಮುಗಿದ ಗ್ರಾಮಗಳಲ್ಲಿ ಇವುಗಳಲ್ಲಿ ಹಲವು "ಎಂಡೆ ಭೂಮಿ" ಪೋರ್ಟಲಿನಲ್ಲೇ ಇವೆ. 2024ರ ಅಕ್ಟೋಬರಿನಲ್ಲಿ ಆ ಪೋರ್ಟಲ್ ಮೊದಲು ಶುರುವಾದದ್ದು ನಮ್ಮ ಜಿಲ್ಲೆಯ ಉಜಾರು ಉಳುವಾರು ಗ್ರಾಮದಲ್ಲಿ. ಅಂಥ ಗ್ರಾಮಗಳಲ್ಲಿ ಜಾಗದ ಒಂದು ತುಂಡನ್ನು ಮಾರುವ ಮೊದಲು ಸ್ಕೆಚ್ ತಯಾರಾಗಬೇಕು. ಹೊಸ ಅಳತೆಯಲ್ಲಿ ಗಡಿ ಅಲುಗಾಡಿರಬಹುದು, ಹಳೆ ಆಧಾರದೊಂದಿಗೆ ಹೋಲಿಸಿ.

ಪಟ್ಟಯ ಉಂಟು ಅಂತಾರೆ. ಅಷ್ಟು ಸಾಕಾ?

ಪಟ್ಟಯ ಎಂದರೆ ಹಕ್ಕುಪತ್ರ. ಯಾವ ಪಟ್ಟಯ ಎಂದು ಕೇಳಿ. ಗೇಣಿಗಿದ್ದವರಿಗೆ ಭೂಸುಧಾರಣೆಯಲ್ಲಿ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟದ್ದು ಒಂದು ಬಗೆ. 1970ರ ಜನವರಿ 1ಕ್ಕೆ ಧಣಿಗಳ ಹಕ್ಕು ಸರಕಾರಕ್ಕೆ ಸೇರಿತು, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿಯವರು (ವರ್ಷಾವಧಿ ಗೇಣಿಯವರು) ಕ್ರಯ ಸರ್ಟಿಫಿಕೇಟ್ ಪಡೆದರು. ಅದು ಗಟ್ಟಿ ಹಕ್ಕು. ಇನ್ನೊಂದು, ಸರಕಾರಿ ಭೂಮಿಯನ್ನು 1964ರ ನಿಯಮದಡಿ ಹಂಚಿದ ಪಟ್ಟಯ. ಇದರಲ್ಲಿ ಪರಭಾರೆ ಮತ್ತು ಬಳಕೆಗೆ ಷರತ್ತುಗಳಿರುತ್ತವೆ, ಷರತ್ತು ಮುರಿದರೆ ಸರಕಾರ ಹಿಂದೆ ಪಡೆಯಬಹುದು. ಪಟ್ಟಯದ ಹಿಂಬದಿಯ ಸಣ್ಣ ಅಕ್ಷರ ಓದದೆ ಅಡ್ವಾನ್ಸ್ ಕೊಡುವುದು ಬೇಡ. ಹಳೆ ದಕ್ಷಿಣ ಕನ್ನಡದ ಕಾಲದ ಕುಮ್ಕಿ ಹಕ್ಕೂ ಇದೇ ಗೊಂದಲ ತರುತ್ತದೆ: ವರ್ಗ (ಪಟ್ಟೆ) ಜಾಗದ ಪಕ್ಕದ ಕುಮ್ಕಿಯನ್ನು ಬೇಲಿ ಒಳಗೆ ಹಾಕಿ "ನಮ್ಮದೇ" ಎಂದು ತೋರಿಸುತ್ತಾರೆ. ಅದು ಸರಕಾರದ ಭೂಮಿ, ಮಾರುವಂತಿಲ್ಲ.

ಜಾಗದಲ್ಲಿ ಅಡಿಕೆ, ತೆಂಗು ನಿಂತು ಇಪ್ಪತ್ತು ವರ್ಷ ಆಯಿತು. ಕಾಗದದಲ್ಲಿ "ನಿಲಂ" ಅಂತ ಉಂಟು. ಮನೆ ಕಟ್ಟಬಹುದಾ?

ಈ ಪಟ್ಟಿಯಲ್ಲಿ ಅತಿ ಹೆಚ್ಚು ದುಡ್ಡು ಮುಳುಗಿಸುವ ಪ್ರಶ್ನೆ ಇದು. ನಿಲಂ ಎಂದರೆ ಗದ್ದೆ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ತುಂಬಿಸಿ ಮನೆ ಕಟ್ಟುವಂತಿಲ್ಲ. ಹಾಗಂತ ನಿಲಂ ಎಂದಿರುವ ಎಲ್ಲವೂ ಒಂದೇ ಅಲ್ಲ.

ಮೊದಲು ಕೃಷಿಭವನದಲ್ಲಿ ಅಥವಾ ವಿಲ್ಲೇಜ್ ಆಫೀಸಿನಲ್ಲಿ ಡೇಟಾ ಬ್ಯಾಂಕ್ (ಗದ್ದೆ, ಜೌಗುಭೂಮಿಗಳ ಪಟ್ಟಿ) ನೋಡಿ. ಅದರಲ್ಲಿ ನಿಮ್ಮ ಸರ್ವೆ ನಂಬರ್ ಇಲ್ಲದಿದ್ದರೆ ಅದು "ಅಧಿಸೂಚಿತವಲ್ಲದ" ಭೂಮಿ. ತರ ಬದಲಿಸಲು ಕಂದಾಯ ವಿಭಾಗಾಧಿಕಾರಿಗೆ ಆನ್‌ಲೈನಿನಲ್ಲಿ ಫಾರ್ಮ್ 6 ಹಾಕಬೇಕು, 50 ಸೆಂಟಿಗಿಂತ ಹೆಚ್ಚಿದ್ದರೆ ಫಾರ್ಮ್ 7. 25 ಸೆಂಟಿನ ತನಕ ಪರಿವರ್ತನಾ ಶುಲ್ಕ ಇಲ್ಲ, ಮೇಲಾದರೆ ನ್ಯಾಯಬೆಲೆಯ ಲೆಕ್ಕದಲ್ಲಿ ಶುಲ್ಕ. 2017ರ ಡಿಸೆಂಬರ್ 30ರ ನಂತರ ದೊಡ್ಡ ಜಾಗವನ್ನು ತುಂಡು ಮಾಡಿ ಮಾರಿದ್ದರೆ ಆ ವಿನಾಯಿತಿಯನ್ನು ನಂಬಿ ಲೆಕ್ಕ ಹಾಕಬೇಡಿ.

ಸರ್ವೆ ನಂಬರ್ ಡೇಟಾ ಬ್ಯಾಂಕಿನಲ್ಲಿ ಇದ್ದರೆ ದಾರಿ ಉದ್ದ. 2008ರ ಮೊದಲೇ ಜಾಗ ತೋಟವಾಗಿತ್ತು ಎಂದು ತೋರಿಸಿ ಫಾರ್ಮ್ 5 ಹಾಕಬೇಕು. ಕೃಷಿ ಅಧಿಕಾರಿಯ ವರದಿ ಬೇಕು, ಸಂಶಯ ಬಂದರೆ ಹಳೆ ಉಪಗ್ರಹ ಚಿತ್ರದ ವರದಿ ತರಿಸುತ್ತಾರೆ. ಮರದ ವಯಸ್ಸು ನಿಮ್ಮ ಸಾಕ್ಷಿ. ಸರ್ವೆ ನಂಬರ್ ಡೇಟಾ ಬ್ಯಾಂಕಿನಿಂದ ಹೊರಗೆ ಬಂದ ಮೇಲೆ ಮತ್ತೆ ಫಾರ್ಮ್ 6. ಹೀಗೆ ಎರಡು ಮೆಟ್ಟಿಲು.

"ಕೊಂಡ ಮೇಲೆ ಮಾಡಿಸಿ ಕೊಡ್ತೇವೆ" ಎಂದು ಬ್ರೋಕರ್ ಹೇಳಿದರೆ, ತರ ಬದಲಾದ ಆದೇಶ ಕೈಗೆ ಬಂದ ಮೇಲೆ ರಿಜಿಸ್ಟ್ರಿ ಎಂದು ಎಗ್ರಿಮೆಂಟಿನಲ್ಲಿ ಬರೆಸಿ. ಆಗದಿದ್ದರೆ ಅಡ್ವಾನ್ಸ್ ವಾಪಸ್, ತಾರೀಕು ಸಹಿತ. ಬೇರೆಲ್ಲೂ ಜಾಗ ಇಲ್ಲದ ಗದ್ದೆ ಮಾಲಿಕರಿಗೆ ಪಂಚಾಯತಿನಲ್ಲಿ 10 ಸೆಂಟ್, ನಗರಸಭೆಯಲ್ಲಿ 5 ಸೆಂಟ್ ತನಕ ಮನೆಗೆ ಅನುಮತಿ ಸಿಗಬಹುದು. ಹೂಡಿಕೆಗೆ ಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ.

ಇಸಿ ಕ್ಲೀನ್ ಬಂದಿದೆ. ಇನ್ನು ಹೆದರಿಕೆ ಇಲ್ಲ ಅಲ್ವಾ?

ಸಹಕಾರಿ ಬ್ಯಾಂಕಿನ ಗಹಾನ್ (ಅಲ್ಲಿನ ಸಾಲದ ಅಡಮಾನ) ಇಸಿಯಲ್ಲಿ ಬರುತ್ತದೆ. ಮೂಲ ಆಧಾರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಬಾರದೆಯೂ ಇರಬಹುದು. ಹಾಗಾಗಿ ಮೂಲ ಆಧಾರವನ್ನೇ ಕಣ್ಣಾರೆ ನೋಡಬೇಕು, ಜೆರಾಕ್ಸ್ ಸಾಲದು. "ಕಳೆದುಹೋಗಿದೆ, ಸರ್ಟಿಫೈಡ್ ಕಾಪಿ ಇದೆ" ಎಂಬುದು ಎಚ್ಚರಿಕೆಯ ಗಂಟೆ. ಬ್ಯಾಂಕುಗಳ ಅಡಮಾನ ಸೇರಿಸುವ ಸೆರ್ಸಾಯ್ ದಾಖಲೆಯನ್ನು ಸಣ್ಣ ಫೀ ಕಟ್ಟಿ ಆನ್‌ಲೈನಿನಲ್ಲಿ ಹುಡುಕಬಹುದು, ಅದನ್ನೂ ಮಾಡಿ. ಕೋರ್ಟಿನ ದಾವೆ, ಕೈಸಾಲದ ಜಗಳ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ನೆರೆಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತು ಮಾತಾಡುವುದೇ ಉಪಾಯ.

ಹಳೆ ಆಧಾರ ಕನ್ನಡದಲ್ಲಿ ಉಂಟು, ವಕೀಲರಿಗೆ ಓದ್ಲಿಕ್ಕೆ ಬರುವುದಿಲ್ಲ ಅಂತಾರೆ.

1956ರ ನವೆಂಬರ್ ತನಕ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು, ಮುನ್ನಾಧಾರಗಳು ಕನ್ನಡದಲ್ಲಿರುವುದು ಸಹಜ. ಆಗಿನ ಬರಹಗಾರರ ಕೈಬರಹ ಓದುವ ಹಿರಿಯ ವಕೀಲರು, ಗುಮಾಸ್ತರು ಕಾಸರಗೋಡು, ಮಂಜೇಶ್ವರದಲ್ಲಿ ಇದ್ದಾರೆ. ಅವರಿಂದ ಓದಿಸಿ, ಹೊಸ ಮಲಯಾಳ ಆಧಾರದ ಗಡಿ ವಿವರಕ್ಕೂ ಹಳೆ ಕನ್ನಡದ ಗಡಿಗೂ ತಾಳೆ ನೋಡಿ. "ತೋಡಿನ ತನಕ", "ಅಗಳಿನ ತನಕ" ಎಂಬ ಹಳೆ ಗುರುತುಗಳು ಮಲಯಾಳಕ್ಕೆ ಹೋಗುವಾಗ ಬದಲಾಗಿ ಗಡಿ ಜಗಳವಾದ ಜಾಗಗಳು ಇವೆ. ಹೊಸ ಆಧಾರ ಮಲಯಾಳದಲ್ಲಿದ್ದರೆ ಸಹಿ ಹಾಕುವ ಮೊದಲು ಪೂರ್ತಿ ಓದಿಸಿಕೊಳ್ಳುವುದು ನಿಮ್ಮ ಹಕ್ಕು. ನಾಚಿಕೆ ಬೇಡ.

ಅಳಿಯಕಟ್ಟಿನ ಕುಟುಂಬದ ಜಾಗ, ಯಜಮಾನರು ಸಹಿ ಹಾಕ್ತಾರೆ. ಸಾಕಾ?

ಸಾಲದು. 1976ರ ಡಿಸೆಂಬರ್ 1ಕ್ಕೆ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾಯಿತು. ತರವಾಡಿನ (ಮೂಲ ಮನೆತನದ), ಕವರಿನ (ಅದರ ಕವಲಿನ) ಆಸ್ತಿಯಲ್ಲಿ ಆ ದಿನ ಇದ್ದ ಎಲ್ಲ ಸದಸ್ಯರಿಗೂ, ಮಗುವಿಗೂ, ಪಾಲು ಬಂತು. ಅವರೆಲ್ಲರ ಅಥವಾ ಅವರ ವಾರಸುದಾರರ ಸಹಿ, ಇಲ್ಲವೇ ರಿಜಿಸ್ಟರಾದ ಪಾಲುಪತ್ರ ಬೇಕು. ಮುಂಬಯಿಗೆ ಹೋದ ಅತ್ತೆಯ ಮಗಳ ಸಹಿ ಬಿಟ್ಟುಹೋದರೆ ಹತ್ತು ವರ್ಷ ಕಳೆದು ನೋಟೀಸ್ ಬರುತ್ತದೆ.

ಮುಸ್ಲಿಂ ಕುಟುಂಬದ ಜಾಗವಾದರೆ ಮಾಲಿಕರು ತೀರಿಹೋದ ದಿನದ ವಾರಸುದಾರರ ಪಟ್ಟಿಯೇ ಮುಖ್ಯ. ಹೆಂಡತಿ, ತಾಯಿ, ಮಗಳಂದಿರಿಗೆ ಪಾಲು ಉಂಟು. ಗಂಡು ಮಕ್ಕಳಿಲ್ಲದಿದ್ದರೆ ತೀರಿಹೋದವರ ಅಣ್ಣತಮ್ಮಂದಿರಿಗೂ ಬರಬಹುದು. ಇದನ್ನು ಮರೆತವರು ಹೆಚ್ಚು. ನಾಗಬನ, ದೈವದ ಗುಡಿ ಜಾಗದೊಳಗೆ ಇದ್ದರೆ ಅಲ್ಲಿಗೆ ಬರುವ ದಾರಿಯ ಹಕ್ಕು ಯಾರದು ಎಂದು ಆಧಾರದಲ್ಲಿ ಬರೆಸಿಕೊಳ್ಳಿ.

## ನೆಲ, ನೀರು, ದಾರಿ

ಬಾವಿ ತುಂಬ ನೀರು ಉಂಟು, ನೋಡಿದ್ದೇವೆ.

ಯಾವ ತಿಂಗಳಲ್ಲಿ? ಆಗಸ್ಟಿನಲ್ಲಿ ಇಲ್ಲಿನ ಯಾವ ಬಾವಿಯೂ ಒಣಗಿರುವುದಿಲ್ಲ. ಕೆಂಪುಕಲ್ಲಿನ ನೆಲ ಮಳೆನೀರನ್ನು ಬೇಗ ಕುಡಿದು, ಬೇಗ ಕೆಳಗಿನ ತೋಡಿಗೆ ಬಿಟ್ಟುಬಿಡುತ್ತದೆ. ಗುಡ್ಡದ ಮೇಲಿನ ಪಾರೆಯ ಮನೆಗಳಿಗೆ ಮಾರ್ಚಿನಿಂದಲೇ ಟ್ಯಾಂಕರ್ ಬರುತ್ತದೆ. ಏಪ್ರಿಲ್ ಕೊನೆಗೆ ಬಾವಿ ನೋಡಿ, ಆಗದಿದ್ದರೆ ಬಾವಿಯ ಒಳಗೋಡೆಯಲ್ಲಿ ನೀರಿನ ಹಳೆ ಗೆರೆ ಎಲ್ಲಿದೆ ನೋಡಿ.

ಒಳನಾಡಿನ ಗುಡ್ಡದ ಜಾಗಗಳಲ್ಲಿ ಸುರಂಗ ಇರುತ್ತದೆ. ಕೆಂಪುಕಲ್ಲಿಗೆ ಅಡ್ಡಡ್ಡ ಕೊರೆದು ನೀರು ಹರಿಸುವ ಹಳೆ ಕೌಶಲ. ಮನೆಯ ಪಂಚಾಂಗ (ಅಡಿಪಾಯ) ಸುರಂಗದ ಮೇಲೆ ಬೀಳದ ಹಾಗೆ ನೋಡಬೇಕು. ಪಕ್ಕದಲ್ಲಿ ಬೋರ್ ಕೊರೆದರೆ ಸುರಂಗ ಬತ್ತಬಹುದು.

ಸಣ್ಣ ಜಾಗದಲ್ಲಿ ಇನ್ನೊಂದು ಸಂಗತಿ: ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ 7.5 ಮೀಟರ್ ಅಂತರ ಬೇಕು, ಪಕ್ಕದವರ ಬಾವಿಯೂ ಲೆಕ್ಕಕ್ಕೆ ಬರುತ್ತದೆ. ಐದು ಸೆಂಟಿನ ಜಾಗದಲ್ಲಿ ಮೊದಲು ಇದನ್ನು ಅಳೆಯಿರಿ, ಆಮೇಲೆ ಅಡುಗೆಮನೆಯ ನಕ್ಷೆ.

ಕಾರು ಬರುವ ದಾರಿ ಉಂಟು, ಈಗಲೂ ಎಲ್ಲರೂ ಹೋಗ್ತಾರೆ.

ಹೋಗುವುದು ಬೇರೆ, ಹಕ್ಕು ಬೇರೆ. ಪಂಚಾಯತ್ ದಾರಿಯಾದರೆ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇರಬೇಕು. ಖಾಸಗಿ ದಾರಿಯಾದರೆ ಅಗಲ ಸಹಿತ ಮುನ್ನಾಧಾರದಲ್ಲಿ ಬರೆದಿರಬೇಕು. ಮೂರು ಮೀಟರ್ ಇಲ್ಲದ ದಾರಿಗೆ ಕಲ್ಲಿನ ಲಾರಿ ನುಗ್ಗುವುದಿಲ್ಲ. ತಲೆಹೊರೆಯ ಕೂಲಿ ಕಟ್ಟಡದ ಖರ್ಚಿಗೆ ಸೇರುತ್ತದೆ.

ಆರು ಲೇನಿನ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ "ಹೈವೇಗೆ ಹತ್ತಿರ" ಎಂಬ ಮಾತಿನ ಅರ್ಥ ಬದಲಾಗಿದೆ. ಎದುರು ಕಾಣುವ ಅಂಗಡಿಗೆ ಅಂಡರ್‌ಪಾಸ್ ಇರುವಲ್ಲಿಗೆ ಹೋಗಿ ತಿರುಗಿ ಬರಬೇಕು. ಬ್ರೋಕರ್ ಹೇಳುವ ಐದು ನಿಮಿಷವನ್ನು ಬೆಳಿಗ್ಗೆ ಒಂಬತ್ತಕ್ಕೆ ನೀವೇ ಓಡಿಸಿ ನೋಡಿ. ಹೆದ್ದಾರಿಗೆ ತಾಗಿದ ಜಾಗದಲ್ಲಿ ಕಟ್ಟಡ ಗಡಿಯಿಂದ ಅಂತರ ಬಿಟ್ಟು ಹಿಂದೆ ನಿಲ್ಲಬೇಕು.

ಹೊಳೆ ಬದಿಯ ಚಂದದ ಜಾಗ ಸಿಕ್ಕಿದೆ.

ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳಲ್ಲಿ ಭರತದ (ಕಡಲಿನ ಉಬ್ಬರದ) ಉಪ್ಪುನೀರು ಒಳಗೆ ಬರುವಷ್ಟು ದೂರ ಕರಾವಳಿ ನಿಯಂತ್ರಣ ವಲಯದ ನಿಯಮ ಹಬ್ಬಿದೆ. ಕಡಲು ಕಾಣದ ಜಾಗವೂ ಅದರೊಳಗೆ ಬೀಳಬಹುದು. ಸರ್ವೆ ನಂಬರ್ ಕೊಟ್ಟು ಪಂಚಾಯತಿನಲ್ಲಿ ಬರೆದ ಉತ್ತರ ಪಡೆಯಿರಿ.

ಗುಡ್ಡ ತಟ್ಟು ಮಾಡಿ ಪ್ಲಾಟ್ ಹಾಕಿದ್ದಾರೆ. ತೊಂದರೆ ಉಂಟಾ?

ಮಣ್ಣು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮದಂತೆ ಅನುಮತಿ ಬೇಕಿತ್ತು, ಅದನ್ನು ತೋರಿಸಲು ಹೇಳಿ. ಕೆಂಪುಕಲ್ಲಿನ ಪದರದ ಕೆಳಗೆ ಜೇಡಿ ಇರುತ್ತದೆ. ಕಡಿದ ಧರೆಯಲ್ಲಿ ಅದು ಬಿಳಿ, ಹಳದಿಯಾಗಿ ಕಂಡರೆ ಮಳೆಯಲ್ಲಿ ಜಾರುವ ಸಂಭವ ಹೆಚ್ಚು. ತುಂಬಿಸಿದ ಬದಿಯ ಪ್ಲಾಟಿಗಿಂತ ಕಡಿದ ಬದಿಯದು ಪಂಚಾಂಗಕ್ಕೆ ಒಳ್ಳೆಯದು, ಆದರೆ ಧರೆಯಿಂದ ದೂರ ಬಿಟ್ಟು ಕಟ್ಟಬೇಕು.

## ಹಣ, ಎನ್‌ಆರ್‌ಐ, ಫ್ಲ್ಯಾಟ್

ಮಾರುವವರು ದುಬೈಯಲ್ಲಿ, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರೆ.

ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಆಗಿರಬೇಕು. ಪತ್ರದಲ್ಲಿ ಈ ಸರ್ವೆ ನಂಬರ್, ಮಾರುವ ಮತ್ತು ಹಣ ಪಡೆಯುವ ಅಧಿಕಾರ ಬರೆದಿದೆಯೇ ನೋಡಿ. ರಿಜಿಸ್ಟ್ರಿಯ ದಿನ ಕೊಟ್ಟವರು ಬದುಕಿದ್ದಾರೆ, ಪತ್ರ ರದ್ದಾಗಿಲ್ಲ ಎಂದು ವಿಡಿಯೋ ಕಾಲಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ತೆರಿಗೆ ಇದಕ್ಕಿಂತ ದೊಡ್ಡ ವಿಷಯ. ಮಾರುವವರು ಭಾರತದಲ್ಲೇ ಇರುವವರಾದರೆ 50 ಲಕ್ಷ ಮತ್ತು ಮೇಲಿನ ವ್ಯವಹಾರಕ್ಕೆ ಶೇಕಡಾ 1 ಹಿಡಿದು ಕಟ್ಟಬೇಕು. ಎನ್‌ಆರ್‌ಐ ಆದರೆ 50 ಲಕ್ಷದ ಮಿತಿ ಇಲ್ಲ. ಎರಡು ವರ್ಷಕ್ಕಿಂತ ಹಳೆ ಆಸ್ತಿಗೆ ಶೇಕಡಾ 12.5, ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ನಿಮ್ಮನ್ನು, ದುಬೈಯವರನ್ನಲ್ಲ. ಅವರು ಕಡಿಮೆ ದರದ ಸರ್ಟಿಫಿಕೇಟ್ ಮೊದಲೇ ತೆಗೆಸಿಕೊಂಡರೆ ಇಬ್ಬರಿಗೂ ಸುಲಭ.

ಅರ್ಧ ಕ್ಯಾಶ್ ಕೊಡಿ, ಡ್ಯೂಟಿ ಉಳೀತದೆ ಅಂತಾರೆ.

ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತ ದಂಡ, ಅದು ಪಡೆದವರಿಗೆ. ನಿಮಗೆ ಬೇರೆ ರೀತಿಯ ನಷ್ಟ: ಬ್ಯಾಂಕ್ ಸಾಲವನ್ನು ಆಧಾರದ ಬೆಲೆ ನೋಡಿ ಕೊಡುತ್ತದೆ, ನಾಳೆ ಮಾರುವಾಗ ಕಡಿಮೆ ಬರೆದ ಬೆಲೆಯಿಂದ ಲಾಭ ಲೆಕ್ಕ ಹಾಕಿ ತೆರಿಗೆ ಬೀಳುತ್ತದೆ, ವ್ಯವಹಾರ ಮುರಿದರೆ ಕ್ಯಾಶಿಗೆ ಸಾಕ್ಷಿ ಇಲ್ಲ.

ನಾನು ಕುವೈಟಿನಲ್ಲಿದ್ದೇನೆ. ಎರಡು ಎಕರೆ ತೋಟದೊಳಗಿನ ಮನೆ ತೆಗೆದುಕೊಳ್ಳಬಹುದಾ?

ಮನೆ, ಮನೆಜಾಗ, ವಾಣಿಜ್ಯ ಕಟ್ಟಡ ಕೊಳ್ಳಬಹುದು. ಕೃಷಿಭೂಮಿ, ಎಸ್ಟೇಟ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಊರಿನಲ್ಲಿರುವ ತಂದೆತಾಯಿಯ ಹೆಸರಿನಲ್ಲಿ ಕೊಳ್ಳುವುದು ರೂಢಿ. ಆದರೆ ಆಗ ಅದು ಅವರ ಆಸ್ತಿ, ಒಡಹುಟ್ಟಿದವರಿಗೂ ಪಾಲು ಬರುತ್ತದೆ.

ಫ್ಲ್ಯಾಟ್ ಒಳ್ಳೆಯದಾ?

ಕಾಗದದ ತಲೆನೋವು ಕಡಿಮೆ, ಬೆಲೆ ಏರುವುದೂ ಕಡಿಮೆ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆ ಕೆ-ರೆರಾದಲ್ಲಿ (ಕೇರಳದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ಎಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಬಿಲ್ಡರ್‌ನವರು ಪಡೆಯುವಂತಿಲ್ಲ. ಕಟ್ಟಡದ ದೋಷಕ್ಕೆ ಐದು ವರ್ಷ ಅವರೇ ಹೊಣೆ. ಬೇಸಗೆಯಲ್ಲಿ ನೀರು ಎಲ್ಲಿಂದ ಎಂದು ಮೇಲಿನ ಮಾಳಿಗೆಯ ಹಳೆ ನಿವಾಸಿಯನ್ನು ಕೇಳಿ.

ರಿಜಿಸ್ಟ್ರಿ ಆಯಿತು. ಕೆಲಸ ಮುಗಿಯಿತಲ್ಲ?

ಅರ್ಧ ಮುಗಿಯಿತು. ಆಧಾರ ರಿಜಿಸ್ಟರ್ ಆದ ಮೇಲೆ ಪೋಕುವರವು (ಖಾತೆ ಬದಲಾವಣೆ) ಆಗಿ, ತಂಡಪ್ಪೇರ್ ನಿಮ್ಮ ಹೆಸರಿಗೆ ಬಂದು, ತೀರ್ವೆ ನಿಮ್ಮ ಹೆಸರಿನಲ್ಲಿ ಕಟ್ಟಿದ ರಸೀದಿ ಕೈಗೆ ಬರಬೇಕು. ಪೂರ್ತಿ ಸರ್ವೆ ನಂಬರ್ ಕೊಂಡಿದ್ದರೆ ಫೈಲು ಬೇಗ ಸಾಗುತ್ತದೆ. ತುಂಡು ಕೊಂಡಿದ್ದರೆ ತಾಲೂಕು ಸರ್ವೆಯರ್ ಅಳೆದು ಸಬ್‌ಡಿವಿಜನ್ ಮಾಡುವ ತನಕ ಕಾಯಬೇಕು. ಆ ದಿನ ನೀವೂ ನೆರೆಯವರೂ ಸ್ಥಳದಲ್ಲಿದ್ದು ಕಲ್ಲು ಹಾಕಿಸಿಕೊಳ್ಳಿ. ಮನೆಯಾದರೆ ಪಂಚಾಯತ್ ಅಥವಾ ನಗರಸಭೆಯಲ್ಲಿ ಕಟ್ಟಡದ ಮಾಲಿಕತ್ವ ಬದಲಾವಣೆ, ಆಮೇಲೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಮೀಟರ್, ನೀರಿನ ಕನೆಕ್ಷನ್. ಹಳೆಯವರ ಕರೆಂಟ್ ಬಿಲ್ಲಿನ ಬಾಕಿ ಮೀಟರಿನ ಜೊತೆಗೇ ನಿಮಗೆ ಬರುತ್ತದೆ. ಕೀಲಿಕೈ ಪಡೆಯುವ ದಿನ ಕೊನೆಯ ಬಿಲ್ ಕಟ್ಟಿದ ರಸೀದಿಯನ್ನೂ ಪಡೆಯಿರಿ.